ಟೀ ಆಯ್ತಾ?

ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ‘ಟೀ’ ಎಂಬ ಪದದ ಮುಂದೆ ‘ಚಹಾ’ ಎಂದು ಬರೆದಿರುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದವನು ನಾನು. ಕನ್ನಡದಲ್ಲಿ ಬರೆದರೆ ಒಂದೇ ಅಕ್ಷರದ ಈ ಪದದ ಅರ್ಥ ತಿಳಿಯಲು ಎಂ.ಡಿ. ಮಾಡಿದ ಡಾಕ್ಟರನೊಬ್ಬ ಇಂಗ್ಲೆಂಡಿನ ಮೂಲೆ ಮೂಲೆ ಅಲೆಯಬೇಕಾಯಿತು ಎಂದರೆ ನೀವು ನಗಬಹುದು. ನಗಿ, ಬೇಜಾರಿಲ್ಲ. ಆದರೆ ಮೊದಲು ನನ್ನ ಕಥೆ ಕೇಳಿ.

ನಾನು ಈ ದೇಶಕ್ಕೆ ಬಂದದ್ದು 1998ರ ಚಳಿಗಾಲದಲ್ಲಿ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್., ಹುಬ್ಬಳ್ಳಿಯಲ್ಲಿ ಎಂ.ಡಿ. ಮುಗಿಸಿ, ಪ್ಲ್ಯಾಬ್ ಪರೀಕ್ಷೆ ಪಾಸು ಮಾಡಿ, ಎರಡು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರು, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿಯೊಂದಿಗೆ ಯಾರ್ಕ್‌ಷೈರಿಗೆ ಬಂದಿಳಿದೆ. ಬ್ರಾಡ್‌ಫರ್ಡಿನ ಆಸುಪಾಸು, ಏರ್ ನದಿಯ ಕಣಿವೆ. ಕಪ್ಪು ಕಲ್ಲಿನ ಸಾಲುಮನೆಗಳು, ಎತ್ತರದ ಗಿರಣಿ ಚಿಮಣಿಗಳು, ಮಧ್ಯಾಹ್ನ ಮೂರೂವರೆಗೇ ಕವಿಯುವ ಕತ್ತಲೆ. ಮೈಸೂರಿನ ಬಿಸಿಲಿಗೆ ಬೆಳೆದವನಿಗೆ ಇದೆಲ್ಲಿಗೆ ಬಂದೆನಪ್ಪಾ ಎನಿಸಿದ್ದು ಸುಳ್ಳಲ್ಲ. ಆದರೆ ಅಲ್ಲಿಯ ಜನ ಒಳ್ಳೆಯವರು. ಬಸ್ಸಿನ ಡ್ರೈವರಿನಿಂದ ಹಿಡಿದು ತರಕಾರಿ ಅಂಗಡಿಯವನ ತನಕ ಎಲ್ಲರೂ ನನ್ನನ್ನು ‘ಲವ್’ ಎಂದೇ ಕರೆಯುತ್ತಿದ್ದರು. ಮೊದಲ ದಿನ ಗಾಬರಿಯಾದರೂ ಎರಡನೆಯ ದಿನಕ್ಕೆ ಅಭ್ಯಾಸವಾಯಿತು.

ಇಂಗ್ಲಿಷ್ ನನಗೆ ಹೊಸದೇನಲ್ಲ; ಓದಿದ್ದೆಲ್ಲ ಅದರಲ್ಲೇ. ಉಚ್ಚಾರಣೆ ತಿಳಿಯದೆ ಒದ್ದಾಡಬಹುದು ಎಂಬ ಭಯ ಇತ್ತೇ ಹೊರತು, ತಿಳಿದ ಪದವೇ ಕೈಕೊಡುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ವಾರ್ಡಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಹದಿನಾಲ್ಕನೆಯ ವಯಸ್ಸಿಗೇ ಉಣ್ಣೆಯ ಗಿರಣಿ ಸೇರಿ ದುಡಿದವರು. ಮಗ್ಗಗಳ ಸದ್ದಿನಿಂದ ಕಿವಿ ಸ್ವಲ್ಪ ಮಂದ, ಮಾತು ಮಾತ್ರ ಚುರುಕು. ಗಂಡ ತೀರಿಹೋಗಿದ್ದರು, ಮನೆಯಲ್ಲಿ ಒಬ್ಬರೇ. ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದೆ ಹೊಸದಾಗಿ ಇನ್ಸುಲಿನ್ ಶುರು ಮಾಡಿದ್ದೆವು. ದಿನಕ್ಕೆ ಎರಡು ಸಲ. ಡಿಸ್ಚಾರ್ಜಿನ ದಿನ ಶನಿವಾರ, ಸಕ್ಕರೆ ಕಾಯಿಲೆಯ ವಿಶೇಷ ನರ್ಸಿಗೆ ರಜೆ. ಹಾಗಾಗಿ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು.

“ಬ್ರೇಕ್‌ಫಾಸ್ಟಿಗೆ ಮುಂಚೆ ಒಂದು, ಡಿನ್ನರಿಗೆ ಮುಂಚೆ ಒಂದು” ಎಂದು ನಿಧಾನವಾಗಿ, ಗಟ್ಟಿಯಾಗಿ ಹೇಳಿದೆ.

“ಮತ್ತೆ ಟೀಗೆ, ಡಾಕ್ಟರ್?” ಎಂದು ಕೇಳಿದರು ಅಜ್ಜಿ.

“ಟೀಗೆ ಏನೂ ಬೇಡ. ಸಕ್ಕರೆ ಹಾಕಿಕೊಳ್ಳಬೇಡಿ, ಅಷ್ಟೇ!” ಎಂದೆ. ಅವರು ನಕ್ಕರು. ನಾನೂ ನಕ್ಕೆ. ಇಬ್ಬರಿಗೂ ಎಲ್ಲವೂ ಅರ್ಥವಾಗಿತ್ತು.

ಮೂರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಆಂಬುಲೆನ್ಸಿನಲ್ಲಿ ಅದೇ ಅಜ್ಜಿಯನ್ನು ಕರೆತಂದರು. ಮೈಯೆಲ್ಲ ಬೆವರು, ಕರೆದರೆ ಉತ್ತರವಿಲ್ಲ. ರಕ್ತದ ಸಕ್ಕರೆ 1.9. ನಮ್ಮ ಊರಿನ ಲೆಕ್ಕದಲ್ಲಿ ಸುಮಾರು 34 ಮಿಲಿಗ್ರಾಂ. ಇಲ್ಲಿಯ ಲೆಕ್ಕದಲ್ಲಿ ನಾಲ್ಕಕ್ಕಿಂತ ಕೆಳಗಿಳಿದರೇ ಅಪಾಯ. ಹಾಲಿನ ಬಾಟಲಿ ಬಾಗಿಲಲ್ಲೇ ಇದ್ದದ್ದನ್ನು ನೋಡಿ ಪಕ್ಕದ ಮನೆಯಾಕೆ ಇಣುಕಿರದಿದ್ದರೆ ಏನಾಗುತ್ತಿತ್ತೋ! ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಕಣ್ಣು ಬಿಟ್ಟರು. ಮತ್ತೆ ಇಳಿಯದಂತೆ ಡ್ರಿಪ್ ಹಾಕಿ ವಾರ್ಡಿಗೆ ಸೇರಿಸಿದೆವು. ನಾನು ಅವರ ಹಾಸಿಗೆಯ ಪಕ್ಕದಲ್ಲೇ ನಿಂತು, ಎಲ್ಲಿ ತಪ್ಪಾಯಿತು ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಡೋಸು ಸರಿ, ಸೂಜಿ ಸರಿ, ಬರೆದದ್ದು ಸರಿ.

ಐದೂವರೆಯ ಹೊತ್ತಿಗೆ ಊಟದ ತಳ್ಳುಗಾಡಿ ಬಂತು. ಅದನ್ನು ತಳ್ಳಿಕೊಂಡು ಬಂದ ಹೆಂಗಸು ಅಜ್ಜಿಯ ಮುಂದೆ ದೊಡ್ಡ ತಟ್ಟೆಯೊಂದನ್ನು ಇಟ್ಟಳು. ಪೈ, ಅರೆದ ಆಲೂಗಡ್ಡೆ, ಹಸಿರು ಬಟಾಣಿ, ಪಕ್ಕದಲ್ಲಿ ಒಂದು ಬಟ್ಟಲು ಕಸ್ಟರ್ಡ್.

“ಇದೇನಿದು?” ಎಂದೆ ನಾನು.

“ಅವರ ಟೀ, ಡಾಕ್ಟರ್” ಎಂದಳು ಆಕೆ, ಇಷ್ಟೂ ತಿಳಿಯದೇ ಎನ್ನುವ ಹಾಗೆ.

ತಟ್ಟೆಯ ಸುತ್ತಮುತ್ತ ಟೀಯ ಒಂದು ತೊಟ್ಟೂ ಇರಲಿಲ್ಲ. ಆ ಕ್ಷಣದಲ್ಲಿ ನನ್ನ ಎದೆ ಝಲ್ಲೆಂದಿತು. ಯಾರ್ಕ್‌ಷೈರಿನ ದುಡಿಯುವ ಜನಕ್ಕೆ ‘ಡಿನ್ನರ್’ ಎಂದರೆ ಮಧ್ಯಾಹ್ನದ ಊಟ. ‘ಟೀ’ ಎಂದರೆ ಸಂಜೆಯ ಊಟ. ಅಜ್ಜಿ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಬೆಳಿಗ್ಗೆ ಎಂಟಕ್ಕೆ ಒಂದು ಚುಚ್ಚುಮದ್ದು, ಹನ್ನೆರಡಕ್ಕೆ ಇನ್ನೊಂದು. ಬೆಳಗಿನ ಮದ್ದಿನ ಜೋರು ಇನ್ನೂ ಇಳಿಯುವ ಮುಂಚೆಯೇ ಎರಡನೆಯದು ಅದರ ಮೇಲೆ ಬಿದ್ದಿತ್ತು. ಮೊದಲೆರಡು ದಿನ ಹೇಗೋ ತಡೆದುಕೊಂಡ ದೇಹ, ಮೂರನೆಯ ದಿನ ಹಸಿವಿಲ್ಲವೆಂದು ಮಧ್ಯಾಹ್ನ ಅರ್ಧ ತಿಂದಾಗ ಕುಸಿದಿತ್ತು. “ಟೀಗೆ?” ಎಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರ ಕೊಟ್ಟವನು ದಡ್ಡ.

ಮರುದಿನ ಅವರ ಬಳಿ ಕುಳಿತು, ತಪ್ಪು ನನ್ನದು ಎಂದು ಹೇಳಿ ಕ್ಷಮೆ ಕೇಳಿದೆ. ಅವರು ನನ್ನ ಕೈ ತಟ್ಟಿ, “ನಿಮಗೆ ಹೇಗೆ ಗೊತ್ತಿರಬೇಕು, ಲವ್” ಎಂದರು. ನಮ್ಮ ಕನ್ಸಲ್ಟೆಂಟ್ ಬೈಯಲಿಲ್ಲ. ನಡೆದದ್ದನ್ನೆಲ್ಲ ಫೈಲಿನಲ್ಲಿ ನನ್ನ ಕೈಯಲ್ಲೇ ಬರೆಸಿ, “ಇನ್ನು ಮೇಲೆ ಊಟದ ಹೆಸರು ಬರೆಯಬೇಡ, ಗಡಿಯಾರ ಬರೆ” ಎಂದಷ್ಟೇ ಹೇಳಿದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಅಂದಿನಿಂದ ಈ ಪದದ ಬೆನ್ನು ಹತ್ತಿದೆ. ರಜೆ ಸಿಕ್ಕಾಗ ಸುತ್ತಾಡುವುದು ನನಗೂ ನನ್ನ ಶ್ರೀಮತಿಗೂ ಇಷ್ಟ. ಮೊದಲು ನೋಡಿದ್ದು ಹತ್ತಿರದಲ್ಲೇ ಇದ್ದ ಸಾಲ್ಟೇರ್. ಟೈಟಸ್ ಸಾಲ್ಟ್ ಎಂಬ ಉದ್ಯಮಿ 1853ರಲ್ಲಿ ತನ್ನ ಭಾರಿ ಉಣ್ಣೆ ಗಿರಣಿ ತೆರೆದು, ಅದರ ಸುತ್ತ ಕೆಲಸಗಾರರಿಗಾಗಿ ಮನೆ, ಶಾಲೆ, ಚರ್ಚು, ಊಟದ ಹಾಲ್ ಎಲ್ಲ ಕಟ್ಟಿಸಿದ ಊರು ಅದು. ಗಿರಣಿ 1986ರಲ್ಲಿ ನಿಂತಿತು. 2001ರಲ್ಲಿ ಊರು ಯುನೆಸ್ಕೋ ಪಟ್ಟಿಗೆ ಸೇರಿತು. ಈಗ ಆ ಗಿರಣಿಯೊಳಗೆ ಡೇವಿಡ್ ಹಾಕ್ನಿಯ ಚಿತ್ರಗಳಿವೆ, ಪುಸ್ತಕದಂಗಡಿಯಿದೆ. ಅಲ್ಲಿ ಕಾಲುವೆಯ ದಂಡೆಯಲ್ಲಿ ನಿಂತಾಗ ಅಜ್ಜಿಯ ಲೆಕ್ಕ ನನಗೆ ಅರ್ಥವಾಯಿತು. ಹಿಂದೆ ಇಂಗ್ಲೆಂಡಿನಲ್ಲಿ ಎಲ್ಲರ ‘ಡಿನ್ನರ್’ ಮಧ್ಯಾಹ್ನವೇ ಇತ್ತು. 18 ಮತ್ತು 19ನೆಯ ಶತಮಾನಗಳಲ್ಲಿ ಸಿರಿವಂತರ ಡಿನ್ನರ್ ಹಿಂದೆ ಹಿಂದೆ ಸರಿದು ರಾತ್ರಿಗೆ ಹೋಯಿತು. ನಡುವೆ ಹೊಟ್ಟೆ ಚುರುಗುಟ್ಟಿದಾಗ ‘ಲಂಚ್’ ಹುಟ್ಟಿತು. ಅದೂ ಸಾಲದೆ ನಾಲ್ಕು ಗಂಟೆಗೆ ‘ಆಫ್ಟರ್‌ನೂನ್ ಟೀ’ ಹುಟ್ಟಿತು. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಅನ್ನಾ ಇದನ್ನು ರೂಢಿಗೆ ತಂದಳೆಂದು ಹೇಳುತ್ತಾರೆ. ಆದರೆ ಗಿರಣಿಯ ಕೂಗಿಗೆ ಏಳುವವನು ರಾತ್ರಿ ಎಂಟರ ತನಕ ಕಾಯಲಾರ. ಅವನ ಡಿನ್ನರ್ ಮಧ್ಯಾಹ್ನವೇ ಉಳಿಯಿತು. ಕೆಲಸ ಬಿಟ್ಟು ಮನೆಗೆ ಬಂದೊಡನೆ ರೊಟ್ಟಿ, ಮಾಂಸ, ಆಲೂಗಡ್ಡೆಯ ಜೊತೆ ಒಂದು ಮಗ್ ಬಿಸಿ ಟೀ. ಕಾಲಕ್ರಮದಲ್ಲಿ ಇಡೀ ಊಟಕ್ಕೇ ಟೀ ಎಂಬ ಹೆಸರು ನಿಂತುಬಿಟ್ಟಿತು.

‘ಹೈ ಟೀ’ ಎಂದರೂ ಮೂಲದಲ್ಲಿ ಇದೇ, ದುಡಿದು ದಣಿದವರ ಊಟ. ಬೆಂಗಳೂರಿನ ಪಂಚತಾರಾ ಹೋಟೆಲುಗಳಲ್ಲಿ ಆ ಹೆಸರಿನಲ್ಲಿ ಸಾವಿರಾರು ರೂಪಾಯಿ ಬಿಲ್ಲು ಮಾಡುವುದನ್ನು ನಮ್ಮ ಅಜ್ಜಿ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಹ್ಯಾರೊಗೇಟ್. ಅಲ್ಲಿ 1919ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಮಿಠಾಯಿಗಾರನೊಬ್ಬ ತೆರೆದ ‘ಬೆಟ್ಟೀಸ್’ ಟೀ ಅಂಗಡಿಯ ಮುಂದೆ ಜನ ಸಾಲು ನಿಲ್ಲುತ್ತಾರೆ. ಇಲ್ಲಿ ಟೀ ಎಂದರೆ ಬೆಳ್ಳಿಯ ಕೆಟಲು, ಬೆರಳಗಲದ ಸೌತೆಕಾಯಿ ಸ್ಯಾಂಡ್‌ವಿಚ್ಚು, ಮೂರಂತಸ್ತಿನ ತಟ್ಟೆಯಲ್ಲಿ ಕೇಕು. ಅರ್ಧ ಗಂಟೆ ಕಾದು ಒಳಹೊಕ್ಕ ನನ್ನ ಶ್ರೀಮತಿ ಬಿಲ್ಲು ನೋಡಿ, “ಇದಕ್ಕೆ ಜಯನಗರದಲ್ಲಿ ಒಂದು ತಿಂಗಳು ಕಾಫಿ ಕುಡಿಯಬಹುದಿತ್ತು” ಎಂದಳು. ಲೆಕ್ಕ ತಪ್ಪೇನಲ್ಲ.

ಡೆವನ್ ಮತ್ತು ಕಾರ್ನ್‌ವಾಲಿನ ಕಡೆಗೆ ಹೋದರೆ ‘ಕ್ರೀಮ್ ಟೀ’. ಟೀಯಲ್ಲಿ ಕೆನೆ ಎಂದುಕೊಂಡರೆ ಕೆಟ್ಟಿರಿ. ಅದು ಸ್ಕೋನ್ ಎಂಬ ಬನ್ನು, ಜಾಮು ಮತ್ತು ಗಟ್ಟಿ ಕೆನೆ, ಜೊತೆಗೆ ಟೀ. ಡೆವನ್‌ನವರು ಮೊದಲು ಕೆನೆ, ಮೇಲೆ ಜಾಮು ಹಚ್ಚುತ್ತಾರೆ. ಕಾರ್ನ್‌ವಾಲಿನವರು ಮೊದಲು ಜಾಮು, ಮೇಲೆ ಕೆನೆ. ಇದರ ಮೇಲೆ ನಡೆಯುವ ವಾದ ನಮ್ಮ ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಾದದಷ್ಟೇ ಗಂಭೀರ. ಇನ್ನು ಹಳೆಯ ವೈದ್ಯಕೀಯ ಪುಸ್ತಕಗಳಲ್ಲಿ ‘ಬೀಫ್ ಟೀ’ ಎಂಬುದೊಂದು ಬರುತ್ತದೆ. ಅದರಲ್ಲಿ ಟೀ ಸೊಪ್ಪೇ ಇಲ್ಲ, ರೋಗಿಗಳಿಗೆ ಕುಡಿಸುತ್ತಿದ್ದ ಮಾಂಸದ ತಿಳಿಸಾರು. ಫ್ಲಾರೆನ್ಸ್ ನೈಟಿಂಗೇಲ್ ಕೂಡ ತನ್ನ ಶುಶ್ರೂಷೆಯ ಪುಸ್ತಕದಲ್ಲಿ ಅದರ ಪ್ರಸ್ತಾಪ ಮಾಡಿ, ಜನ ತಿಳಿದಷ್ಟು ಪೌಷ್ಟಿಕಾಂಶ ಅದರಲ್ಲಿಲ್ಲ ಎಂದಿದ್ದಾಳೆ. ಲಂಡನ್ನಿನ ಕಾಕ್ನಿ ಮಾತಿನಲ್ಲಂತೂ ‘ಟೀ ಲೀಫ್’ ಎಂದರೆ ಕಳ್ಳ! ‘ಥೀಫ್’ಗೆ ಪ್ರಾಸ ಅಷ್ಟೇ. ಕ್ರಿಕೆಟ್ಟಿನಲ್ಲಿ ಟೀ ಎಂದರೆ ಇಪ್ಪತ್ತು ನಿಮಿಷದ ವಿರಾಮ. ಲಂಚ್ ಆದ ಮೇಲೆ ಟೀ ಎಂಬ ನಿಯಮವೂ ಶಾಶ್ವತವಲ್ಲ. 2025ರ ನವೆಂಬರಿನಲ್ಲಿ ಗುವಾಹಟಿಯಲ್ಲಿ ನಡೆದ ಭಾರತ-ದಕ್ಷಿಣ ಆಫ್ರಿಕಾ ಟೆಸ್ಟಿನಲ್ಲಿ, ಅಲ್ಲಿ ಸೂರ್ಯ ಬೇಗ ಮುಳುಗುತ್ತಾನೆಂದು ಮೊದಲು ಟೀ, ಆಮೇಲೆ ಲಂಚ್ ಇಟ್ಟರು. ಅಸ್ಸಾಮಿನ ನೆಲದಲ್ಲಿ ಟೀಗೇ ಅಗ್ರಪೂಜೆ ಸಲ್ಲಬೇಕಾದದ್ದೂ ನ್ಯಾಯವೇ.

ಪದ ಎಲ್ಲಿಂದ ಬಂತು ಎಂದು ಹುಡುಕಿದರೆ ಚೀನಾ ತನಕ ಹೋಗಬೇಕು. ಚೀನಿಯರ ಲಿಪಿಯಲ್ಲಿ ಅಕ್ಷರ ಒಂದೇ. ಬಹಳ ಕಡೆ ಅದನ್ನು ‘ಚಾ’ ಎಂದು ಓದುತ್ತಾರೆ, ಫೂಜಿಯನ್ ಕರಾವಳಿಯ ಮಾತಿನಲ್ಲಿ ‘ತೆ’ ಎನ್ನುತ್ತಾರೆ. ಆ ಕರಾವಳಿಯವರೊಡನೆ ವ್ಯಾಪಾರ ಮಾಡಿದ ಡಚ್ಚರು ‘ತೆ’ಯನ್ನು ಯುರೋಪಿಗೆ ತಂದರು, ಅದೇ ಇಂಗ್ಲಿಷಿನ ಟೀ. ಮಕಾವಿನಲ್ಲಿದ್ದ ಪೋರ್ಚುಗೀಸರು ‘ಚಾ’ ಹಿಡಿದರು. ನೆಲದ ಹಾದಿಯಲ್ಲಿ ಹೋದದ್ದು ಪರ್ಷಿಯನ್ನಿನಲ್ಲಿ ‘ಚಾಯ್’ ಆಯಿತು. ಕನ್ನಡಿಗರಾದ ನಮ್ಮ ಭಾಗ್ಯ ನೋಡಿ, ಎರಡೂ ನಮ್ಮಲ್ಲಿವೆ! ಮೈಸೂರಿನ ಕಡೆ ‘ಟೀ’, ಧಾರವಾಡದ ಕಡೆ ‘ಚಹಾ’, ಕರಾವಳಿಯಲ್ಲಿ ‘ಚಾ’. ಇಲ್ಲಿಯ ಕಾಫಿ ಅಂಗಡಿಗಳಲ್ಲಿ ಈಗ ‘ಚಾಯ್ ಟೀ’ ಎಂದು ಬೋರ್ಡು ಹಾಕುತ್ತಾರೆ. ನಮ್ಮ ‘ಗೇಟು ಬಾಗಿಲು’ ಇದ್ದ ಹಾಗೆ.

ಲಂಡನ್ನಿಗೆ ಹೋದವರು ಇನ್ನೊಂದು ಸಲ ಗ್ರೀನಿಚ್‌ನಲ್ಲಿ ನಿಂತಿರುವ ‘ಕಟ್ಟಿ ಸಾರ್ಕ್’ ಹಡಗನ್ನು ನೋಡಿ ಬನ್ನಿ. ಚೀನಾದಿಂದ ಟೀ ತರಲೆಂದೇ 1869ರಲ್ಲಿ ಕಟ್ಟಿದ ಹಾಯಿಹಡಗು. ಅದೇ ವರ್ಷ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಆ ವ್ಯಾಪಾರವನ್ನು ಕಸಿದುಕೊಂಡವು. ಸ್ಟ್ರ್ಯಾಂಡ್ ರಸ್ತೆಯ 216ನೇ ನಂಬರಿನಲ್ಲಿರುವ ಟ್ವೈನಿಂಗ್ಸ್ ಅಂಗಡಿಯ ಚರಿತ್ರೆ 1706ಕ್ಕೆ ಹೋಗುತ್ತದೆ. ಆಗ ಟೀ ಎಂದರೆ ಬೀಗ ಹಾಕಿಡುವ ವಸ್ತು. ಸರ್ಕಾರದ ಸುಂಕವೇ 119 ಶೇಕಡದಷ್ಟಿತ್ತು. 1784ರಲ್ಲಿ ಅದನ್ನು 12.5 ಶೇಕಡಕ್ಕೆ ಇಳಿಸಿದ ಮೇಲೆ ಟೀ ಬಡವರ ಮನೆಯ ಬಾಗಿಲಿಗೂ ಬಂತು. 1839ರಲ್ಲಿ ಅಸ್ಸಾಮಿನ ಟೀ ಮೊದಲ ಸಲ ಲಂಡನ್ನಿನಲ್ಲಿ ಹರಾಜಾಯಿತು. ಯಾರ್ಕ್‌ಷೈರಿನ ಗಿರಣಿಯವರ ಊಟಕ್ಕೆ ಹೆಸರಾದ ಆ ಮಗ್ಗಿನಲ್ಲಿ ನಮ್ಮ ದೇಶದ ತೋಟದ ಕೂಲಿಗಳ ಬೆವರೂ ಇತ್ತು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಬೇರೊಂದು ನೆನಪು ಕಾಡತೊಡಗಿತು. ಹುಬ್ಬಳ್ಳಿಯದು.

ಎಂ.ಡಿ. ಓದುತ್ತಿದ್ದಾಗ ನವಲಗುಂದದ ಕಡೆಯ ರೈತರೊಬ್ಬರು ಸಕ್ಕರೆ ಕಾಯಿಲೆಗೆಂದು ನಮ್ಮಲ್ಲಿಗೆ ಬರುತ್ತಿದ್ದರು. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಪ್ರತಿ ಸಲವೂ ಸಕ್ಕರೆ ಹೆಚ್ಚು. “ಏನೂ ತಿಂದಿಲ್ರೀ ಸಾಹೇಬ್ರ, ಖಾಲಿ ಹೊಟ್ಟೀಲೆ ಬಂದೀನಿ” ಎನ್ನುತ್ತಿದ್ದರು. ನಾನು ಮಾತ್ರೆ ಹೆಚ್ಚಿಸಿದೆ. ಮತ್ತೊಮ್ಮೆ ಹೆಚ್ಚಿಸಲು ಪೆನ್ನು ಎತ್ತಿದಾಗ, ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಕೇಳಿದರು: “ಯಜಮಾನ್ರ, ಚಹಾ ಕುಡದೀರೇನ್ರೀ?”

“ಹೌದ್ರೀ. ಮನ್ಯಾಗ ಒಂದು ಕಪ್ಪು, ಬಸ್ ಸ್ಟ್ಯಾಂಡಿನ್ಯಾಗ ಒಂದು ಕಪ್ಪು. ಚಹಾ ಅಂದ್ರ ತಿನ್ನೂದಲ್ಲಲ್ರೀ, ಕುಡಿಯೂದು!”

ಹಾಲು, ಸಕ್ಕರೆ ತುಂಬಿದ ಎರಡು ಕಪ್ಪು. ಅವರು ಸುಳ್ಳು ಹೇಳಿರಲಿಲ್ಲ. ಅವರ ಊರಿನ ಮಾತಿನಲ್ಲಿ ಚಹಾ ಲೆಕ್ಕಕ್ಕೇ ಬಾರದ ವಸ್ತು. ಸಿಸ್ಟರ್ ಕೇಳದಿದ್ದರೆ ಮಾತ್ರೆ ಇನ್ನೂ ಹೆಚ್ಚಿಸಿ, ಆ ಮನುಷ್ಯ ಹೊಲದಲ್ಲೇ ಬೀಳುವ ಹಾಗೆ ಮಾಡುತ್ತಿದ್ದೆ. ಆದರೆ ಅಂದು ನಾನು ಕಲಿತದ್ದೇನು? ಏನೂ ಇಲ್ಲ. ಹಾಸ್ಟೆಲಿಗೆ ಬಂದು ಗೆಳೆಯರಿಗೆ ಅದನ್ನು ಜೋಕಿನಂತೆ ಹೇಳಿ ನಕ್ಕಿದ್ದೆ. ಇಂಗ್ಲೆಂಡಿಗೆ ಬಂದ ಮೇಲೂ ಒಂದೆರಡು ಪಾರ್ಟಿಗಳಲ್ಲಿ ಹೇಳಿದ್ದೆ. ‘ಹಳ್ಳಿಯವರಿಗೆ ತಿಳಿಯುವುದಿಲ್ಲ’ ಎಂಬುದೇ ಆ ಜೋಕಿನ ಒಳಗುಟ್ಟು. ಯಾರ್ಕ್‌ಷೈರಿನ ಅಜ್ಜಿ ನನ್ನ ಕೈ ತಟ್ಟಿದ ಮೇಲೆ ಆ ಜೋಕನ್ನು ಮತ್ತೆ ಹೇಳಿಲ್ಲ. ನವಲಗುಂದದಲ್ಲಿ ಚಹಾ ಎಂದರೆ ಏನೂ ಅಲ್ಲ, ಯಾರ್ಕ್‌ಷೈರಿನಲ್ಲಿ ಟೀ ಎಂದರೆ ಇಡೀ ಊಟ. ಎರಡು ಕಡೆಯೂ ರೋಗಿ ಸರಿಯಾಗಿಯೇ ಹೇಳಿದ್ದರು, ತಿಳಿಯದವನು ಬಿಳಿ ಕೋಟಿನವನು. ವ್ಯತ್ಯಾಸ ಇಷ್ಟೇ: ನಾನು ಅವರನ್ನು ನೋಡಿ ನಕ್ಕಿದ್ದೆ, ಅಜ್ಜಿ ನನ್ನನ್ನು ನೋಡಿ ನಗಲಿಲ್ಲ.

ಇದು ನಿಮ್ಮ ಮನೆಯ ವಿಷಯವೂ ಹೌದು. ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಆರು ತಿಂಗಳಿಗೆಂದು ಬರುತ್ತಾರೆ, ಚೀಲದ ತುಂಬ ಮಾತ್ರೆಗಳು. ‘ತಿಂಡಿಗೆ ಮುಂಚೆ’, ‘ಊಟ ಆದ ಮೇಲೆ’ ಎಂದು ಅಲ್ಲಿಯ ಡಾಕ್ಟರು ಬರೆದಿರುತ್ತಾರೆ. ಇಲ್ಲಿ ಸೊಸೆ ಕೆಲಸಕ್ಕೆ ಹೋಗುವ ಗಡಿಬಿಡಿಯಲ್ಲಿ ತಿಂಡಿ ಏಳಕ್ಕೇ ಆಗುತ್ತದೆ, ಊಟ ಮೂರಕ್ಕೆ. ನನ್ನ ತಾಯಿ ಶನಿವಾರ ರಾತ್ರಿ “ಊಟ ಮಾಡಲ್ಲ” ಎನ್ನುತ್ತಿದ್ದರು. ಊಟವಿಲ್ಲ ಎಂದರೆ ಅನ್ನವಿಲ್ಲ ಎಂದರ್ಥ. ಫಲಾಹಾರದ ಹೆಸರಿನಲ್ಲಿ ಎರಡು ಚಪಾತಿ, ಒಂದು ತಟ್ಟೆ ಅವಲಕ್ಕಿ, ಬಾಳೆಹಣ್ಣು ಸಲೀಸಾಗಿ ಒಳಗೆ ಹೋಗುತ್ತಿದ್ದವು. ಆದ್ದರಿಂದ ಹಿರಿಯರನ್ನು ‘ಊಟ ಆಯ್ತಾ’ ಎಂದು ಕೇಳಿ ಬಿಡಬೇಡಿ. ಎಷ್ಟು ಹೊತ್ತಿಗೆ, ಏನು, ಎಷ್ಟು ಎಂದು ಕೇಳಿ. ಮಾತ್ರೆಯ ಡಬ್ಬಿಯ ಮೇಲೆ ಗಂಟೆ ಬರೆಯಿರಿ, ಯಾವ ಮಾತ್ರೆಗೆ ಮುಂಚೆ ಆಹಾರ ಬೇಕೆಂದು ನಿಮ್ಮ ಡಾಕ್ಟರರನ್ನೇ ಕೇಳಿ ತಿಳಿದುಕೊಳ್ಳಿ. ನಾನು ಇಂದಿಗೂ ಪ್ರತಿ ರೋಗಿಗೂ ಹಾಗೆಯೇ ಬರೆಯುತ್ತೇನೆ: ಬೆಳಿಗ್ಗೆ 8, ಸಂಜೆ 5.30.

ನಮ್ಮ ಮಗಳು ಯಾರ್ಕ್‌ಷೈರಿನಲ್ಲೇ ಹುಟ್ಟಿ ಬೆಳೆದವಳು. ನಾಲ್ಕು ವರ್ಷದವಳಿದ್ದಾಗ ಒಂದು ಸಂಜೆ ಮೈಸೂರಿಗೆ ಫೋನು ಮಾಡಿ ಅವಳ ಕೈಗೆ ಕೊಟ್ಟೆವು. “ಅಜ್ಜಿ, ನಂದು ಟೀ ಆಯ್ತು!” ಎಂದಳು ಹೆಮ್ಮೆಯಿಂದ. ಅಮ್ಮ ಫೋನು ನನಗೆ ಕೊಡಿಸಿಕೊಂಡರು.

“ಏನೋ, ಅಷ್ಟು ಚಿಕ್ಕ ಮಗೂಗೆ ಟೀ ಕುಡಿಸ್ತಿದ್ದೀರಾ? ಡಾಕ್ಟರಾಗಿ ನಿಂಗೆ ಬುದ್ಧಿ ಬೇಡ್ವಾ? ಹಾಲು ಕೊಡೋ!”

“ಅಮ್ಮಾ, ಅವಳು ತಿಂದಿದ್ದು ಅನ್ನ, ಸಾರು.”

“ಮತ್ತೆ ಟೀ ಅಂದಳಲ್ಲ?”

“ಇಲ್ಲಿ ಅದಕ್ಕೂ ಟೀ ಅಂತಾರೆ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಏನು ಜನವಪ್ಪಾ! ಹೋಗಲಿ, ಅನ್ನಕ್ಕೆ ತುಪ್ಪ ಹಾಕಿದ್ರಾ?” ಎಂದರು. ಆಮೇಲೆ ಅವರು ಬದುಕಿರುವವರೆಗೂ ಸಂಜೆಯ ಫೋನಿನಲ್ಲಿ ಮೊಮ್ಮಗಳನ್ನು ಕೇಳುತ್ತಿದ್ದದ್ದು “ಊಟ ಆಯ್ತಾ” ಎಂದಲ್ಲ, “ಟೀ ಆಯ್ತಾ ಪುಟ್ಟಿ?” ಎಂದೇ. ಇಂಗ್ಲಿಷಿನ ಒಂದು ವಾಕ್ಯವನ್ನೂ ಆಡದ ನನ್ನ ತಾಯಿ, ನಾನು ಒಬ್ಬರ ಜೀವವನ್ನು ಅಪಾಯಕ್ಕೊಡ್ಡಿ ಕಲಿತದ್ದನ್ನು ಒಂದೇ ಫೋನಿನಲ್ಲಿ ಕಲಿತಿದ್ದರು.

ಕೊನೆಗೊಂದು ಮಾತು. ಹಿಂದೊಮ್ಮೆ ನಮ್ಮ ಸಂಘದ ದೀಪಾವಳಿಯ ಆಮಂತ್ರಣದಲ್ಲಿ ‘ಸಂಜೆ 5ಕ್ಕೆ ಟೀ’ ಎಂದು ಅಚ್ಚಾಗಿತ್ತು. ಉತ್ತರದ ಊರುಗಳಿಂದ ಬಂದವರು ಹಸಿದು ಬಂದರು, ಲಂಡನ್ನಿನ ಕಡೆಯವರು ತಿಂದುಕೊಂಡು ಬಂದರು, ನಮ್ಮ ಧಾರವಾಡದ ಮಿತ್ರರು “ಚಹಾ ಅಷ್ಟ ಏನ್ರೀ?” ಎಂದು ಮುಖ ಸಣ್ಣಗೆ ಮಾಡಿದರು. ಈ ಸಲ ಕಾರ್ಡನ್ನು ನಾನೇ ತಿದ್ದಿದ್ದೇನೆ: ‘ಸಂಜೆ 6 ಗಂಟೆಗೆ ಬಿಸಿಬೇಳೆ ಬಾತು, ಮೊಸರನ್ನ, ಹೋಳಿಗೆ.’ ಎಲ್ಲರೂ ಹಸಿದೇ ಬನ್ನಿ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ನಿಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡಿ. ಹೊತ್ತು ಮೀರುವಂತಿದ್ದರೆ ನನಗೆ ಹೇಳಿ, ನಿಮಗೆ ಮೊದಲು ಬಡಿಸಲು ಅಡುಗೆಯವರಿಗೆ ಹೇಳುತ್ತೇನೆ.